ಕಾಶಮ್ಮನ ಪಿಯಾನೊ

ಭಾಲ್ಕಿಯ ಬಸ್ಸು ಬೀದರ ಮುಟ್ಟುವ ಹೊತ್ತಿಗೆ ಕಾಶಮ್ಮ ತಾವು ಪಿಯಾನೊ ಕಲಿಯಲು ಹೊರಟಿರುವುದನ್ನು ಕಂಡಕ್ಟರನಿಂದ ಹಿಡಿದು ಕೊನೆಯ ಸೀಟಿನವರವರೆಗೆ ಎಲ್ಲರಿಗೂ ಹೇಳಿ ಮುಗಿಸಿರುತ್ತಾರೆ. ವಯಸ್ಸು ಅರವತ್ತೆರಡು. ಹಾಸ್ಟೆಲಿನ ಅಡುಗೆ ಕೆಲಸದಿಂದ ನಿವೃತ್ತರಾಗುವವರೆಗೆ ಭಜನೆಯ ತಾಳವನ್ನು ಸಹ ಮುಟ್ಟಿದವರಲ್ಲ. ಪ್ರತಿ ಶನಿವಾರ ನಮ್ಮ ಮನೆಗೆ ಬಂದು, ಕಾಲು ತೊಳೆದು, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಬೀಗರ ಮುಂದೆ ಕೂತಷ್ಟು ನೆಟ್ಟಗೆ ಪಿಯಾನೊದ ಮುಂದೆ ಕೂಡುತ್ತಾರೆ. ತಪ್ಪು ಸ್ವರ ಬಂದರೆ ಬೈಗುಳ ಪಿಯಾನೊಗೆ: “ನೀ ಯಾಕ ನಡುವ ಬಂದಿ? ಯಾರ ಕರದಾರ ನಿನಗ?” ಸರಿಯಾದರೆ ನನ್ನತ್ತ ತಿರುಗಿ, “ನೋಡ್ರಿ ಟೀಚರ್, ಎರಡೂ ಕೈ!” ಎಂದು ಹಿಗ್ಗುತ್ತಾರೆ. ಮೆಲ್ಲಗೆ ಬಾರಿಸುವುದೊಂದೇ ಅವರಿಗೆ ಬರುತ್ತಿರಲಿಲ್ಲ. ಪ್ರತಿ ಸ್ವರವೂ ಬಾಗಿಲು ಬಡಿದಂತೆ ಕೇಳುತ್ತಿತ್ತು. “ಹಗುರಕ ಮುಟ್ರಿ” ಎಂದು ನಾಲ್ಕು ತಿಂಗಳು ಹೇಳಿ ಸಾಕಾಗಿ, ಒಂದು ದಿನ ನಾನೇ ಅವರ ಕೈ ಹಿಡಿದೆ. ಬೆರಳಿನ ತುದಿಗಳು ಕಟ್ಟಿಗೆಯಷ್ಟು ಗಟ್ಟಿ. “ಮೂವತ್ತು ವರ್ಷ ಕಾದ ಹಂಚಿನ ಮ್ಯಾಲ ರೊಟ್ಟಿ ತಿರುವೀನ್ರಿ. ಮುಟ್ಟಿದ್ದು ಬೆರಳಿಗಿ ತಿಳಿಯಂಗಿಲ್ಲ,” ಎಂದರು, ಮೊದಲ ಸಲ ದನಿ ತಗ್ಗಿಸಿ. ನಾನು ಅವರ ಕೈಯನ್ನು ಮತ್ತೆ ಪಿಯಾನೊದ ಮೇಲಿಟ್ಟೆ. ಅವರೇ, “ಬೆರಳಿಗಿ ತಿಳೀಲಿಲ್ಲಂದ್ರ ಕಿವಿ ಅದಾವಲ್ರಿ?” ಎಂದು ಕಣ್ಣು ಮುಚ್ಚಿದರು. ಒಂದೇ ಸ್ವರವನ್ನು ಮತ್ತೆ ಮತ್ತೆ ಒತ್ತಿ, ಅದು ಉಸಿರಿನಷ್ಟು ಸಣ್ಣದಾಗುವವರೆಗೆ ಬಿಡಲಿಲ್ಲ. ಆಮೇಲೆ ವಾರಗಟ್ಟಲೆ ಅದನ್ನೇ ಮಾಡಿದರು. ಈಗ ಮೆಲ್ಲಗೆ ಬಾರಿಸುವುದೆಂದರೆ ಹೇಗೆ ಎಂದು ಬೇರೆ ಶಿಷ್ಯರು ಕೇಳಿದರೆ, ನಾನು ಎದ್ದು ಕಾಶಮ್ಮನಿಗೆ ಜಾಗ ಬಿಡುತ್ತೇನೆ.