ಹಂಚು ಹಿಡಿಯುವ ಕೈ

ಬೆಳಿಗ್ಗೆಯಿಂದ ನಮ್ಮ ಅಂಗಳದಲ್ಲಿ ಹಳೆ ಹಂಚಿನ ವಾಸನೆ. ಒಣಗಿದ ಪಾಚಿ, ಇಲಿ ಗೂಡು, ಹೋದ ಮಳೆಗಾಲದ ಮಣ್ಣು ಎಲ್ಲ ಕಲೆತು ಮೂಗಿಗೆ ಏರುತ್ತದೆ. ಹಂಚಿನ ಮನೆಯಲ್ಲಿ ಬೆಳೆದವರಿಗೆ ಇದನ್ನು ವಿವರಿಸಬೇಕಿಲ್ಲ. ತಾರಸಿ ಮನೆಯವರಿಗೆ ಎಷ್ಟು ವಿವರಿಸಿದರೂ ಬರೀ ಸೀನು ಬಂದೀತು, ಅಷ್ಟೆ. ಮಳೆ ಹಿಡಿಯುವ ಮೊದಲು ಮಾಡಿನ ಹಂಚು ಇಳಿಸಿ, ಉಜ್ಜಿ, ಹಂಚಿನಡಿಯ ಹುಳ ಹಿಡಿದ ಮರದ ರೀಪು ಬದಲಿಸಿ, ತಿರುಗಿ ಹೊದಿಸುವ ಕೆಲಸ ಇದು. ಮೆಲ್ಕಾರಿನ ಆಸುಪಾಸಿನಲ್ಲಿ ಈಗ ಹಂಚಿನ ಮನೆಗಳೇ ಕಡಿಮೆ. ನಮ್ಮದು ಉಳಿದಿದೆ, ಯಾಕೆಂದರೆ ನನ್ನನ್ನು ಹೆತ್ತ ಉಮ್ಮನಿಗೆ ತಾರಸಿಯ ಕೆಳಗೆ ನಿದ್ದೆ ಬರುವುದಿಲ್ಲ.

ಅಳದಂಗಡಿ ಕಡೆಯ ಹಂಚಿನ ಕೆಲಸದ ಮೋನಪ್ಪಣ್ಣ ಪ್ರತಿ ವರ್ಷದ ಹಾಗೆ ಮಾಡಿನ ಮೇಲೆ ಕುಕ್ಕರಗಾಲಿನಲ್ಲಿ ಕೂತಿದ್ದರು. ಕೆಳಗೆ ಒಮ್ಮೆ ಕಣ್ಣು ಹಾಯಿಸಿ, "ಒಬ್ಬರು ಕಡಿಮೆ ಉಂಟಲ್ಲ" ಎಂದರು. ಆಗ ಎಲ್ಲರೂ ಏಣಿಯ ಬುಡದ ಖಾಲಿ ಜಾಗವನ್ನೂ, ಆಮೇಲೆ ನನ್ನನ್ನೂ ನೋಡಿದರು. ನಾನು ಆಕಾಶ ನೋಡಿದೆ.

ಹಂಚು ಇಳಿಸುವುದನ್ನು ಕಾಣದವರಿಗೆ ಸ್ವಲ್ಪ ಹೇಳಬೇಕು. ಒಂದೊಂದೇ ಹಂಚು ಹಿಡಿದು ಏಣಿ ಇಳಿಯುತ್ತಾ ಕೂತರೆ ಮಳೆ ಬಂದೇ ಬರುತ್ತದೆ. ಅದಕ್ಕೆ ಮಾಡಿನ ಮೇಲಿನವರು ಏಣಿಯ ಮೇಲಿನವರಿಗೆ ಎಸೆಯುತ್ತಾರೆ, ಅವರು ಬುಡದಲ್ಲಿ ನಿಂತವರಿಗೆ, ಅಲ್ಲಿಂದ ಪೇರಿಸುವವರ ಕೈಗೆ. ಎಸೆಯುತ್ತಾರೆ ಎಂದೆನಲ್ಲ, ನಿಜವಾಗಿಯೂ ಎಸೆಯುತ್ತಾರೆ ಮಾರಾಯ್ರೆ. ಹಂಚು ಗಾಳಿಯಲ್ಲಿ ಬರುತ್ತದೆ, ಕೈ ಅದನ್ನು ತಡೆಯಬಾರದು. ತಡೆದರೆ ಹಂಚೂ ಹೋಯಿತು, ಬೆರಳೂ ಹೋಯಿತು. ಕೈ ಅದರ ಜೊತೆಗೇ ಸ್ವಲ್ಪ ದೂರ ಹೋಗಬೇಕು, ಹೋಗುತ್ತಾ ಹೋಗುತ್ತಾ ಅದನ್ನು ಸುಮ್ಮನಾಗಿಸಬೇಕು. ನಮ್ಮ ಮನೆಯಲ್ಲಿ ಏಣಿಯ ಬುಡ ಉಮ್ಮನ ಜಾಗ. ನನ್ನ ಜಾಗ ಶರಬತ್ತಿನ ತಟ್ಟೆಯ ಹಿಂದೆ. ಚಿಕ್ಕವನಿದ್ದಾಗ ನಾನು ಒಡೆದ ಹಂಚುಗಳನ್ನು ನೋಡಿ ಉಪ್ಪ, ಅಂದರೆ ನನ್ನ ತಂದೆ, "ಇವನಿಗೆ ಬಾಯಿ ಮಾತ್ರ ಕೆಲಸ ಮಾಡ್ತದೆ" ಎಂದು ತೀರ್ಪು ಕೊಟ್ಟಿದ್ದರು.

ತೀರ್ಪು ಸುಳ್ಳಾಗಲಿಲ್ಲ. ನನಗೆ ಮೆಲ್ಕಾರಿನಲ್ಲಿ ಪುಸ್ತಕ, ಪೆನ್ನುಗಳ ಅಂಗಡಿ ಉಂಟಾದರೂ ಊರಿನವರು ನನ್ನನ್ನು ಗುರುತಿಸುವುದು ಮೈಕಿನಿಂದ. ಬಂಟ್ವಾಳದಿಂದ ಬೆಳ್ತಂಗಡಿಯವರೆಗೆ ಗದ್ದೆ ಕೊಯ್ದ ಕೂಡಲೇ ಅಂಡರ್‌ಆರ್ಮ್ ಕ್ರಿಕೆಟ್ ಸುರುವಾಗುತ್ತದಲ್ಲ, ಅದಕ್ಕೆ ವೀಕ್ಷಕ ವಿವರಣೆ ಕೊಡುವವ ನಾನು. ಚೆಂಡು ಬ್ಯಾಟಿಗೆ ತಾಗುವ ಮೊದಲೇ ಅದು ಎಲ್ಲಿ ಬೀಳುತ್ತದೆ ಎಂದು ಹೇಳುತ್ತಿದ್ದೆ. ಹೆಚ್ಚಾಗಿ ಬೇರೆ ಕಡೆ ಬೀಳುತ್ತಿತ್ತು, ಅದಕ್ಕೂ ನನ್ನಲ್ಲಿ ವಿವರಣೆ ಇರುತ್ತಿತ್ತು.

ಇಷ್ಟೆಲ್ಲ ಪೀಠಿಕೆ ಯಾಕೆಂದರೆ, ಇಂಥ ನನ್ನ ಬಾಯಿ ಜೀವಮಾನದಲ್ಲಿ ಒಮ್ಮೆ ಕಟ್ಟಿಹೋದದ್ದು ಉಂಟು. ಕಟ್ಟಿಸಿದವಳು ನನ್ನ ತಂಗಿ ಜೀನತಳ ಮಗಳು ರಾಫಿಯಾ.

ರಾಫಿಯಾ ನಮ್ಮ ಮನೆಯಲ್ಲೇ ಬೆಳೆದವಳು, ಅವಳ ಉಪ್ಪ ದುಬೈಯಲ್ಲಿ. ಪುಟ್ಟ ಹುಡುಗಿಯಾಗಿದ್ದಾಗಲೇ ಹಂಚು ಇಳಿಸುವ ದಿನ ಉಮ್ಮನ ಪಕ್ಕ ನಿಂತು ಹಟ ಮಾಡುತ್ತಿದ್ದಳು. ಉಮ್ಮ ಮೊದಲು ತೆಂಗಿನ ಗರಟೆ ಎಸೆದು ಕಲಿಸಿದರು, ಆಮೇಲೆ ಒಡಕು ಹಂಚಿನ ತುಂಡು, ಆಮೇಲೆ ಇಡೀ ಹಂಚು. ಪಿಯುಸಿಗೆ ಮೂಡುಬಿದಿರೆಯ ಹಾಸ್ಟೆಲಿಗೆ ಹೋದವಳು ಒಂದು ರಜೆಯಲ್ಲಿ ಬಂದು, ತಾನು ಬೇಸ್‌ಬಾಲ್ ಆಡುತ್ತಿದ್ದೇನೆ ಎಂದಳು. ಅದು ಅಮೆರಿಕದವರ ಆಟವಲ್ಲವೇ, ನಿನಗೆ ಯಾಕೆ ಎಂದು ನಾನು ಕೇಳಿದೆ. ಕ್ರಿಕೆಟ್ ಮಾತ್ರ ಬಂಟ್ವಾಳದವರು ಕಂಡುಹಿಡಿದದ್ದಾ ಮಾಮ ಎಂದು ಅವಳು ತಿರುಗಿ ಕೇಳಿದಳು. ಮೈಕ್ ಇಲ್ಲದಿದ್ದರೆ ನಾನು ವಾದದಲ್ಲಿ ಸ್ವಲ್ಪ ಹಿಂದೆ.

ಮತ್ತೊಂದು ವರ್ಷ ಕಳೆಯುವಷ್ಟರಲ್ಲಿ ಸುದ್ದಿ ಬಂತು. ಹುಡುಗಿಯರ ಅಂತರರಾಷ್ಟ್ರೀಯ ಯುವ ಬೇಸ್‌ಬಾಲ್ ಪಂದ್ಯಾವಳಿ ಮೂಡುಬಿದಿರೆಯಲ್ಲೇ ನಡೆಯುತ್ತದೆ, ಭಾರತದ ತಂಡದಲ್ಲಿ ರಾಫಿಯಾಳ ಹೆಸರೂ ಉಂಟು, ಆದರೆ ಬದಲಿ ಆಟಗಾರ್ತಿಯಾಗಿ. ಆ 'ಆದರೆ' ಅವಳ ಗಂಟಲಿನಲ್ಲಿ ಮೀನಿನ ಮುಳ್ಳಿನಂತೆ ಸಿಕ್ಕಿಕೊಂಡಿತ್ತು. ಮುಂದಿನ ವರ್ಷಕ್ಕೆ ಅವಳ ವಯಸ್ಸು ಮಿತಿ ದಾಟುತ್ತಿತ್ತು. ಈ ಸಲ ಮೈದಾನಕ್ಕೆ ಇಳಿಯದಿದ್ದರೆ ದೇಶದ ಅಂಗಿ ಹಾಕಿಕೊಂಡು ಬೆಂಚಿನ ಮೇಲೆ ಕೂತದ್ದಷ್ಟೇ ಬಂತು. ಒಂದೇ ಒಂದು ಚೆಂಡಾದರೂ ತನ್ನ ಕಡೆ ಬರಬೇಕು ಎಂದು ಫೋನಿನಲ್ಲಿ ಅಜ್ಜಿಯ ಹತ್ತಿರ ಅತ್ತಳಂತೆ.

ಬದಲಿಯಾಗಿ ಕೂರಿಸಲು ಕಾರಣ ಇತ್ತು. ಬೇಸ್‌ಬಾಲಿನಲ್ಲಿ ಚೆಂಡು ಹಿಡಿಯುವವರು ಎಡಗೈಗೆ ದಪ್ಪ ಚರ್ಮದ ಗ್ಲೌಸ್ ಹಾಕುತ್ತಾರೆ. ಚೆಂಡು ಅದರೊಳಗೆ ಬೀಳಬೇಕು. ನಮ್ಮ ಹುಡುಗಿ ಚೆಂಡು ಬಂತೆಂದರೆ ಗ್ಲೌಸನ್ನೇ ಮರೆತು ಬರಿಗೈ ಚಾಚುತ್ತಿದ್ದಳು. ತರಬೇತಿಯ ಮೇಡಂ ಎಷ್ಟೋ ಸಲ ತಿದ್ದಿದರು, ಕೊನೆಗೆ ಬರಿಗೈ ಬಿಡುವವರೆಗೆ ಆಡಿಸುವುದಿಲ್ಲ ಎಂದೇ ಹೇಳಿದರು. ನನಗೆ ಅವರ ಮೇಲೆ ಸಿಟ್ಟು ಬಂದಿತ್ತು. ಆಮೇಲೆ ರಾಫಿಯಾ ರಜೆಯಲ್ಲಿ ತಂದ ಆ ಚೆಂಡನ್ನು ಕೈಯಲ್ಲಿ ಹಿಡಿದು ನೋಡಿದೆ, ಕರಿಕಲ್ಲಿನ ಹಾಗಿತ್ತು. ಸಿಟ್ಟು ತನ್ನಷ್ಟಕ್ಕೆ ಇಳಿಯಿತು.

ಪಂದ್ಯಗಳಿಗೆ ನಾವು ಬಿ.ಸಿ. ರೋಡಿನಿಂದ ಸಿದ್ಧಕಟ್ಟೆ ಮೇಲಾಗಿ ಹೋಗುವ ಬಸ್ಸು ಹಿಡಿದು ಹೋಗುತ್ತಿದ್ದೆವು. ಉಮ್ಮ ಪ್ರತಿ ಸಲ ಕಿಟಕಿ ಪಕ್ಕ, ಮಡಿಲಲ್ಲಿ ಪತ್ತಿರಿಯ ಡಬ್ಬ, ಮೊಮ್ಮಗಳಿಗೆ ಅಕ್ಕಿರೊಟ್ಟಿ ಇಲ್ಲದೆ ಆಡಲಿಕ್ಕೆ ಆಗುತ್ತದಾ ಎಂದು. ಆಡಿಸುವುದೇ ಇಲ್ಲ ಎಂದು ಹೇಳುವ ಧೈರ್ಯ ಯಾರಿಗೂ ಬರಲಿಲ್ಲ. ಮೈದಾನದ ಸುತ್ತ ಜನವೋ ಜನ. ಚರುಂಬುರಿಯವ, ಕಲ್ಲಂಗಡಿಯವ, ಬೆಳ್ತಂಗಡಿಯಿಂದ ಜೀಪು ಮಾಡಿಕೊಂಡು ಬಂದವರು, ಎಲ್ಲರೂ ಕ್ರಿಕೆಟ್ ಕಣ್ಣಿನವರೇ. ಚೆಂಡು ಹಿಂದಕ್ಕೆ ಹಾರಿ ನಮ್ಮ ತಲೆಯ ಮೇಲಿಂದ ಹೋದಾಗ ನಾನೇ ಎದ್ದು ನಿಂತು ಸಿಕ್ಸರ್ ಎಂದು ಕೂಗಿದೆ, ಹಿಂದಿನವರೆಲ್ಲ ಶಿಳ್ಳೆ ಹೊಡೆದರು. ಈ ಆಟದಲ್ಲಿ ಹಾಗೆ ಹಿಂದಕ್ಕೆ ಹೋದರೆ ಅದು ತಪ್ಪು ಹೊಡೆತವಂತೆ. ಪಕ್ಕದಲ್ಲಿದ್ದ ಕಾಲೇಜು ಹುಡುಗಿಯೊಬ್ಬಳು ಮೆಲ್ಲಗೆ ಹೇಳಿದಳು. ಗೊತ್ತಿತ್ತು, ಪ್ರೋತ್ಸಾಹಕ್ಕೆ ಕೂಗಿದ್ದು ಎಂದೆ.

ಜಪಾನಿನ ಹುಡುಗಿಯರು ಬಂದ ದಿನ ಮಾತ್ರ ನಮ್ಮ ಗದ್ದಲ ಸ್ವಲ್ಪ ಕಡಿಮೆಯಾಯಿತು. ಅವರು ಮೈದಾನದ ಗೆರೆಯ ಮೇಲೆ ಸಾಲಾಗಿ ನಿಂತು, ಟೋಪಿ ತೆಗೆದು, ಖಾಲಿ ಮೈದಾನಕ್ಕೆ ಸೊಂಟ ಬಗ್ಗಿಸಿ ನಮಿಸಿದರು. ಅಲ್ಲಿ ಯಾರೂ ಇರಲಿಲ್ಲ, ಬರೇ ಕೆಂಪು ಮಣ್ಣು. ಕೆಲವರು ನಕ್ಕರು. ಉಮ್ಮ ಬಹಳ ಹೊತ್ತು ನೋಡಿ, "ಆಡುವ ಜಾಗಕ್ಕೆ ಮರ್ಯಾದೆ ಕೊಡ್ತಾರೆ. ಒಳ್ಳೆ ಮನೆಯ ಮಕ್ಕಳು" ಎಂದರು. ಮತ್ತೆ ಅವರು ಆಡಿದ ಆಟ ನೋಡಿ ನನಗೆ ರೋಮಾಂಚನವಾದದ್ದು ಸುಳ್ಳಲ್ಲ. ಸಣ್ಣ ಸಣ್ಣ ಹುಡುಗಿಯರು, ಎಸೆದರೆ ಚೆಂಡು ಗಾಳಿಯನ್ನು ಹರಿದುಕೊಂಡು ಹೋಗುವ ಸದ್ದು ನಮಗೆ ಕೇಳುತ್ತಿತ್ತು.

ನಮ್ಮವರ ಕೊನೆಯ ಪಂದ್ಯವೂ ಅವರ ಮೇಲೆಯೇ ಬಂತು. ಅಷ್ಟರವರೆಗೆ ರಾಫಿಯಾ ಒಂದು ಪಂದ್ಯಕ್ಕೂ ಇಳಿದಿರಲಿಲ್ಲ. ಬೆಂಚಿನ ತುದಿಯಲ್ಲಿ, ತಲೆವಸ್ತ್ರದ ಮೇಲೆ ನೀಲಿ ಟೋಪಿ ಇಟ್ಟುಕೊಂಡು, ಗ್ಲೌಸನ್ನು ಮಡಿಲಲ್ಲಿ ಹಿಡಿದು ಕೂತದ್ದು ನಮಗೆ ಕಾಣುತ್ತಿತ್ತು. ಪಂದ್ಯ ಬೇಗನೆ ಕೈ ಬಿಟ್ಟಿತು. ಜನ ಒಬ್ಬೊಬ್ಬರೇ ಎದ್ದು ಬಸ್ಸಿಗೆ ನಡೆದರು. ಜೀನತ್ ನಾವೂ ಹೋಗುವ ಎಂದಳು, ಮಗಳ ಮುಖ ನೋಡಲಾಗದೆ. ಉಮ್ಮ ಡಬ್ಬದ ಮುಚ್ಚಳ ಬಿಗಿ ಮಾಡಿ ಕೂತೇ ಇದ್ದರು. ಮೊಮ್ಮಗಳು ಕೂತಿರುವಷ್ಟು ಹೊತ್ತು ತಾನೂ ಕೂರುತ್ತೇನೆ ಎಂದರು.

ಎದುರಾಳಿಗಳ ಕೊನೆಯ ಸರದಿ ನಡೆಯುತ್ತಿತ್ತು. ಮೈದಾನದ ಬಲತುದಿಯಲ್ಲಿ ನಿಂತಿದ್ದ ನಮ್ಮ ಹುಡುಗಿಯೊಬ್ಬಳ ಕಾಲು ಹಿಡಿದುಕೊಂಡಿತು. ಮೇಡಂ ಬೆಂಚಿನ ಕಡೆ ತಿರುಗಿದರು. ಸೋಲು ಹೇಗೂ ಖಚಿತ, ಇನ್ನು ಯಾರಾದರೇನು ಎಂದುಕೊಂಡರೋ, ಮಗುವಿನ ಮೇಲೆ ಕನಿಕರವಾಯಿತೋ ನನಗೆ ಗೊತ್ತಿಲ್ಲ. ಅವರು ರಾಫಿಯಾಳ ಗ್ಲೌಸ್ ಹಾಕಿದ ಎಡಗೈಯನ್ನು ಎರಡು ಸಲ ತಟ್ಟಿ ಏನೋ ಹೇಳಿ ಕಳಿಸಿದರು. ಇದರಲ್ಲಿಯೇ ಹಿಡಿ ಎಂದಿದ್ದರಂತೆ. ಉಮ್ಮ ನನ್ನ ತೋಳು ಹಿಡಿದರು. ಅವರ ಉಗುರು ನಾಟಿದ್ದು ನನಗೆ ಮನೆಗೆ ಬಂದ ಮೇಲೆಯೇ ತಿಳಿದದ್ದು.

ಇನ್ನೊಬ್ಬಳು ಔಟಾದರೆ ಅವರ ಸರದಿ ಮುಗಿಯುತ್ತಿತ್ತು. ಬ್ಯಾಟಿಗೆ ಬಂದದ್ದು ಅವರ ಅತಿ ಬಲವಾದ ಹುಡುಗಿ, ಅದುವರೆಗೆ ಅವಳ ಹೊಡೆತ ಒಂದೂ ನೆಲ ನೋಡಿ ಹೋದದ್ದಿಲ್ಲ. ಹೊಡೆದಳು. ಆ ಸದ್ದು ಕೇಳಿಯೇ ಬಸ್ಸಿಗೆ ಹೊರಟವರು ತಿರುಗಿ ನೋಡಿದರು. ಚೆಂಡು ಎದ್ದು ಬಲತುದಿಗೆ, ನಮ್ಮ ಹುಡುಗಿಯ ತಲೆಯ ಮೇಲಾಗಿ, ಅವಳನ್ನು ದಾಟಿ ಹೊರಟಿತ್ತು. ನಾನು ಮನಸ್ಸಿನಲ್ಲೇ ವಿವರಣೆ ಸುರು ಮಾಡಿದ್ದೆ, 'ಕೈಮೀರಿದ ಹೊಡೆತ' ಎನ್ನುವಲ್ಲಿಯವರೆಗೆ ಬಂದಿದ್ದೆ.

ರಾಫಿಯಾ ನಮಗೆ ಬೆನ್ನು ಹಾಕಿ ಓಡಿದಳು. ಓಡುತ್ತಾ ಒಮ್ಮೆ ಹಿಂದೆ ನೋಡಿದಳು. ಚೆಂಡು ಅವಳ ಬಲಕ್ಕೆ ವಾಲುತ್ತಿತ್ತು, ಗ್ಲೌಸ್ ಇದ್ದದ್ದು ಎಡಗೈಯಲ್ಲಿ, ಅದು ಎಟುಕುವಂತಿರಲಿಲ್ಲ. ಆಗ ಅವಳ ಬಲಗೈ ಮೇಲೆದ್ದಿತು. ಬರಿಗೈ. ತಡೆಯಲಿಲ್ಲ ಅದು, ಚೆಂಡಿನ ಜೊತೆಗೇ ಹೋಯಿತು, ಮೇಲಿಂದ ಕೆಳಗೆ, ತೊಡೆಯ ಪಕ್ಕದವರೆಗೆ. ಅಲ್ಲಿ ಚೆಂಡು ಸುಮ್ಮನಾಯಿತು. ನಮ್ಮ ಅಂಗಳದ ಏಣಿಯ ಬುಡದಲ್ಲಿ ನಾನು ಹುಟ್ಟಿದಾಗಿನಿಂದ ನೋಡಿದ ಚಲನೆ ಅದು. ಅಲ್ಲಿ ಅಷ್ಟು ದೂರದಲ್ಲಿ, ದೇಶದ ಅಂಗಿಯಲ್ಲಿ ಅದನ್ನು ನೋಡಿ ನನ್ನ ಮೈ ಜುಮ್ಮೆಂದಿತು.

ಅವಳು ಮತ್ತೊಂದು ಕೆಲಸ ಮಾಡಿದಳು. ಹಾಗೆ ಕ್ಯಾಚು ಹಿಡಿದವರು ಕುಣಿಯುತ್ತಾರೆ, ಚೆಂಡನ್ನು ಆಕಾಶಕ್ಕೆ ಎಸೆಯುತ್ತಾರೆ. ಇವಳು ಬೆಂಬಲಕ್ಕೆ ಓಡಿಬಂದ ಗೆಳತಿಯ ಕಡೆ ತಿರುಗಿ, ಎರಡೂ ಕೈಯಲ್ಲಿ ಚೆಂಡನ್ನು ಮೆಲ್ಲನೆ ದಾಟಿಸಿ, ತಿರುಗಿ ಮೇಲೆ ನೋಡುತ್ತಾ ಕೈ ಚಾಚಿ ನಿಂತಳು, ಇನ್ನೊಂದು ಹಂಚು ಬರುವುದುಂಟೆಂಬ ಹಾಗೆ. ಆ ಗೆಳತಿ ಏನೂ ಅರ್ಥವಾಗದೆ ಚೆಂಡನ್ನು ನೋಡುತ್ತಾ ನಿಂತುಬಿಟ್ಟಳು.

ಹೊಡೆದ ಹುಡುಗಿ ಓಡುತ್ತಿದ್ದವಳು ಅರ್ಧದಲ್ಲೇ ನಿಂತಳು, ತಲೆಯ ಕವಚ ತೆಗೆದಳು, ದೂರದ ಬಲತುದಿಗೆ ತಿರುಗಿ ಸೊಂಟ ಬಗ್ಗಿಸಿ ನಮಿಸಿದಳು. ಮೊದಲ ದಿನ ಮಣ್ಣಿಗೆ ನಮಿಸಿದ್ದಳಲ್ಲ, ಅಷ್ಟೇ ಬಗ್ಗಿ. ಆಮೇಲೆ ಎದ್ದ ಚಪ್ಪಾಳೆ ಎಷ್ಟು ಹೊತ್ತು ನಡೆಯಿತೋ ದೇವರಿಗೇ ಗೊತ್ತು. ಪಕ್ಕದವರು ನನ್ನನ್ನು ಅಲುಗಿಸಿ, ಏನಾದರೂ ಹೇಳಿ ಮಾರಾಯ್ರೆ, ನಿಮ್ಮದೇ ಹುಡುಗಿಯಲ್ಲವಾ ಎಂದರು. ನನ್ನ ಬಾಯಿಂದ ಒಂದು ಅಕ್ಷರ ಹೊರಡಲಿಲ್ಲ. ಹೇಳಿದ್ದು ಉಮ್ಮ, ಅದೂ ಯಾರಿಗೂ ಅಲ್ಲ, ಡಬ್ಬ ನೋಡಿಕೊಂಡು.

"ಒಡೆಯಲಿಲ್ಲ."

ಬೆರಳು ಒಡೆದಿತ್ತು. ಪಂದ್ಯ ಸೋತು ಮುಗಿದ ಮೇಲೆ ಬೆಂಚಿನ ಹತ್ತಿರ ಹೋದಾಗ ಮೇಡಂ ತಾವೇ ಅವಳ ಉಂಗುರ ಬೆರಳಿಗೆ ಪಟ್ಟಿ ಕಟ್ಟುತ್ತಿದ್ದರು. ಕಣ್ಣು ತುಂಬಿಕೊಂಡು ಬೈಯುತ್ತಿದ್ದರು, ಇದಕ್ಕೇ ನಿನ್ನನ್ನು ಆಡಿಸಲಿಲ್ಲ, ಇದಕ್ಕೇ, ಎಂದು. ಅವರು ಹೇಳಿದ್ದು ಸರಿಯೇ, ಆ ಬೆರಳು ಇವತ್ತಿಗೂ ಪೂರ್ತಿ ನೆಟ್ಟಗಾಗಿಲ್ಲ. ರಾಫಿಯಾ ಮಾತ್ರ ನೋವಿನಲ್ಲೂ ನಗುತ್ತಿದ್ದಳು. ಒಂದು ಚೆಂಡು ಕೇಳಿದ್ದಳು, ಒಂದು ಚೆಂಡು ಬಂದಿತ್ತು. ಎಡಗೈಯಲ್ಲಿ ಪತ್ತಿರಿ ತಿಂದಳು, ಮೇಡಮ್ಮಿಗೂ ಕೊಟ್ಟಳು.

ಇವತ್ತು ಅದೇ ರಾಫಿಯಾ ಏಣಿಯ ಮೇಲೆ ನಿಂತಿದ್ದಾಳೆ. ಈಗ ಅವಳೇ ಮಕ್ಕಳಿಗೆ ಆಟ ಕಲಿಸುತ್ತಾಳೆ, ಗ್ಲೌಸ್ ಹಾಕದ ಮಕ್ಕಳನ್ನು ಜೋರಾಗಿ ಬೈಯುತ್ತಾಳಂತೆ. ಉಮ್ಮನಿಗೆ ಈ ವರ್ಷ ಮಂಡಿ ನಿಲ್ಲುವುದಿಲ್ಲ, ಜಗಲಿಯ ಕುರ್ಚಿಯಲ್ಲಿ ಕೂತಿದ್ದಾರೆ. ಖಾಲಿ ಇರುವುದು ಅವರ ಜಾಗ. ಅಲ್ಲಿಗೆ ಯಾರನ್ನಾದರೂ ಕರೆಸುವ, ಮೆಲ್ಕಾರಿನಲ್ಲಿ ಜನ ಇಲ್ಲವಾ ಎಂದು ನಾನು ಹೇಳಿ ನೋಡಿದೆ. ಉಮ್ಮ ಶರಬತ್ತಿನ ತಟ್ಟೆಯನ್ನು ನನ್ನ ಕೈಯಿಂದ ತೆಗೆದು ತಮ್ಮ ಮಡಿಲಲ್ಲಿ ಇಟ್ಟುಕೊಂಡರು.

ಹೋಗಿ ನಿಂತೆ. ರಾಫಿಯಾ ಮೇಲಿಂದ, ಕೈಯನ್ನು ಅದರ ಜೊತೆ ಹೋಗಲಿಕ್ಕೆ ಬಿಡಿ ಎಂದಷ್ಟೇ ಹೇಳಿದಳು. ಹಂಚು ಬಂತು. ಬರುವಾಗ ಅದು ದೊಡ್ಡದಾಗುತ್ತಾ ಬರುತ್ತದೆ, ಅದು ನನಗೆ ಅಲ್ಲಿಯವರೆಗೆ ತಿಳಿದಿರಲಿಲ್ಲ. ಕೈ ಚಾಚಿದೆ, ಕೈ ಹೋಯಿತು, ಹೋಗಿ ಹೋಗಿ ಎಲ್ಲೋ ಮಂಡಿಯ ಹತ್ತಿರ ನಿಂತಿತು. ನೋಡಿದರೆ ಹಂಚು ಇಡಿಯಾಗಿ ನನ್ನ ಕೈಯಲ್ಲಿ ಉಂಟು. ಬಿಸಿಲಿಗೆ ಬೆಚ್ಚಗಿದೆ, ಅಂಚಿಗೆ ಪಾಚಿ ಅಂಟಿದೆ. ಉಮ್ಮನ ಕಡೆ ತಿರುಗಿ ಅದನ್ನು ಎತ್ತಿ ತೋರಿಸಿದೆ. ಅವರು ನನ್ನನ್ನು ನೋಡುತ್ತಿರಲಿಲ್ಲ, ನನ್ನ ತಲೆಯ ಮೇಲೆ ಏಣಿಯನ್ನು ನೋಡುತ್ತಿದ್ದರು.

"ಮಾಮ, ಅದನ್ನು ಆಚೆ ದಾಟಿಸಿ" ಎಂದಳು ರಾಫಿಯಾ, ಡೊಂಕು ಬೆರಳಿನ ಕೈಯಲ್ಲಿ ಹಂಚು ಹಿಡಿದುಕೊಂಡು. "ಇನ್ನೊಂದು ಬರ್ತಾ ಉಂಟು."