ಅಕ್ಕಿಕಾಳು ಹೆಕ್ಕುವ ಕೋಳಿ

ಪಡಸಾಲೆಯಲ್ಲಿ ನಾವು ನಾಲ್ಕು ಜನ ಇದ್ದೆವು. ಮಂಚದ ಮೇಲೆ ಹೊಟ್ಟೆಗೆ ತಲೆದಿಂಬು ಅವಚಿಕೊಂಡು ಅಪ್ಪ. ಅಡುಗೆಮನೆಯ ಹೊಸ್ತಿಲಲ್ಲಿ ಅವರೆಕಾಯಿ ಸುಲಿಯುತ್ತ ಅವ್ವ. ಅಪ್ಪನ ಎದುರಿಗೆ, ಪ್ಲಾಸ್ಟಿಕ್ ಕುರ್ಚಿಯಲ್ಲಿ, ಸವಣೂರಿನಿಂದ ಬಂದ ಅಪ್ಪನ ಗೆಳೆಯ, ನನಗೆ ಕಾಕಾ. ಇಬ್ಬರ ನಡುವೆ, ಕೂತರೂ ಕೂರಲಾರದೆ ನಾನು. ಮಧ್ಯಾಹ್ನದ ಮೂರು ಗಂಟೆ. ಯಾರೂ ಮಾತಾಡುತ್ತಿರಲಿಲ್ಲ. ಮಾತಾಡಬೇಡಿ ಎಂದವಳು ನಾನೇ.

ಅಪ್ಪನಿಗೆ ಹರ್ನಿಯಾ ಆಪರೇಷನ್ ಆಗಿ ಆರು ದಿನವಾಗಿತ್ತು. ಅದೇ ಜಾಗಕ್ಕೆ ಎರಡನೇ ಸಲ. ಮೊದಲ ಸಲ ಮಾಡಿಸಿಕೊಂಡು ಬಂದವನು ಹದಿನೈದೇ ದಿನಕ್ಕೆ ಭತ್ತದ ಚೀಲ ಎತ್ತಿ ಕೆಡಿಸಿಕೊಂಡಿದ್ದ. ಈ ಸಲ ಹುಬ್ಬಳ್ಳಿಯ ಡಾಕ್ಟರು ನನ್ನನ್ನೇ ಕರೆದು ಹೇಳಿದರು: "ಭಾರ ಎತ್ತೂದು ಬ್ಯಾಡ. ಕೆಮ್ಮು ಬಂದರ ದಿಂಬು ಒತ್ತಿ ಹಿಡೀಲಿ. ಹೊಟ್ಟಿ ಹಿಡಕೊಂಡು ನಗೂದಂತೂ ಬ್ಯಾಡ. ಮತ್ತ ಬಿಚ್ಚಿದರ ಹೊಲಿಯಾಕ ಗಟ್ಟಿ ಜಾಗ ಉಳಿದಿಲ್ಲ." ಊರಿಗೆ ಬರುವಾಗ ತಡಸದ ರಸ್ತೆಯುಬ್ಬು ಒಂದೊಂದಕ್ಕೂ ನನ್ನ ಜೀವ ಬಾಯಿಗೆ ಬಂದಿತ್ತು. ಹಿರೇಕೆರೂರಿನಲ್ಲಿದ್ದ ಗಂಡನಿಗೂ ಮಕ್ಕಳಿಗೂ ಫೋನ್ ಮಾಡಿ, ಹಾನಗಲ್ಲಿನ ಪಕ್ಕದ ಈ ತವರಿನಲ್ಲಿಯೇ ಉಳಿದೆ.

ಭಾರದ ಚಿಂತೆ ಇರಲಿಲ್ಲ. ಚೀಲಗಳನ್ನೆಲ್ಲ ಪಕ್ಕದ ಮನೆಗೆ ಸಾಗಿಸಿದ್ದೆ. ಹೆದರಿಕೆ ನಗುವಿನದು. ನಮ್ಮ ಕಡೆ ಆಪರೇಷನ್ ಆದವರನ್ನು ಮಾತಾಡಿಸಲು ಊರೇ ಬರುತ್ತದೆ, ಕೈಯಲ್ಲಿ ಬ್ರೆಡ್ಡು ಬಾಳೆಹಣ್ಣು, ಬಾಯಲ್ಲಿ ಚೇಷ್ಟೆ. ಮಲಗಿದವನನ್ನು ಒಂದು ಸಲ ನಗಿಸದೆ ಎದ್ದು ಹೋದರೆ ಮಾತಾಡಿಸಿದಂತೆಯೇ ಅಲ್ಲ. ನನ್ನ ಅಪ್ಪನೋ ನಗೆಯ ಸಿನಿಮಾ ಬಂತೆಂದರೆ ಕೈಯಲ್ಲಿದ್ದ ರೊಟ್ಟಿ ಮರೆಯುವ ಮನುಷ್ಯ. ಟೀವಿಯ ರಿಮೋಟನ್ನು ಜೋಳದ ಹಿಟ್ಟಿನ ಡಬ್ಬಿಯಲ್ಲಿ ಹುಗಿದಿಟ್ಟಿದ್ದೆ.

"ಟೀವಿ ಯಾಕ ಹಚ್ಚವಲ್ಲಿ?" ಎಂದು ಅಪ್ಪ ದಿನಾ ಕೇಳುವನು.

"ರಿಮೋಟಿನ ಸೆಲ್ ಖಾಲಿ ಆಗೈತಿ."

"ಹಾನಗಲ್ಲಿನ್ಯಾಗ ಸೆಲ್ ಸಿಗಂಗಿಲ್ಲೇನು?"

ನಾನು ಕಸಬರಿಗೆ ಹಿಡಿದು ಗುಡಿಸಿದ್ದನ್ನೇ ಗುಡಿಸುವೆನು. ಬಂದವರನ್ನು ಕಟ್ಟೆಯ ಮೇಲೇ ತಡೆದು, "ಅಪ್ಪನ್ನ ನಗಸಬ್ಯಾಡ್ರಿ" ಎನ್ನುವೆನು. ಅವರು ಮುಖ ಗಂಭೀರ ಮಾಡಿಕೊಂಡು ಒಳಗೆ ಹೋಗಿ, ಯಾರ್ಯಾರ ಹೊಲಿಗೆ ಹೇಗೆ ಬಿಚ್ಚಿತೆಂದು ಅಪ್ಪನಿಗೆ ವಿವರವಾಗಿ ಹೇಳಿ ಬರುವರು.

ಎಲ್ಲರಿಗಿಂತ ಹೆಚ್ಚಿನ ಹೆದರಿಕೆ ಈ ಕಾಕಾನದು. ಅಪ್ಪನೂ ಕಾಕಾನೂ ಶಿಗ್ಗಾವಿಯ ಹಾಸ್ಟೆಲಿನಲ್ಲಿ ಜೊತೆಗೆ ಓದಿದವರು. ಓದಿದ್ದಕ್ಕಿಂತ ಟೆಂಟಿನ ಟಾಕೀಜಿನಲ್ಲಿ ನೆಲದ ಮೇಲೆ ಕೂತದ್ದೇ ಹೆಚ್ಚು. ಅಲ್ಲಿ ನೋಡಿದ ಒಂದು ಸಿನಿಮಾದ ಒಂದು ಪ್ರಸಂಗವನ್ನು ಇಬ್ಬರೂ ಸೇರಿದಾಗಲೆಲ್ಲ ಆಡಿ ತೋರಿಸುತ್ತಿದ್ದರು. ಅವರ ಆ ಆಟವನ್ನು ನಾನು ನಡೆಯಲು ಕಲಿಯುವ ಮೊದಲಿನಿಂದಲೂ ನೋಡಿದ್ದೇನೆ. ಮದುವೆಮನೆಯ ಅಡುಗೆಭಟ್ಟನ ಕೈಯಾಳು, ಮದುಮಗನ ಮಣೆ ಖಾಲಿ ಇದೆಯೆಂದು ದಣಿವಾರಿಸಲು ಕೂರುತ್ತಾನೆ. ಕನ್ನಡಕ ಕಳೆದುಕೊಂಡ ಪುರೋಹಿತರು ಇವನೇ ವರನೆಂದು ಮಂತ್ರ ಶುರು ಮಾಡುತ್ತಾರೆ. ವೀಳ್ಯದೆಲೆ ಹಿಡಿ ಎಂದು ಕೊಟ್ಟರೆ ಅವನು ಬಾಯಿಗೆ ಹಾಕಿಕೊಂಡು, ತೊಟ್ಟನ್ನು ಕಿವಿಯ ಹಿಂದೆ ಸಿಕ್ಕಿಸಿ, "ಭಟ್ರ, ಇನ್ನೊಂದ ಕೊಡ್ರಿ" ಎನ್ನುತ್ತಾನೆ. ಜನ ಅಕ್ಷತೆಯ ಅಕ್ಕಿಕಾಳು ಹಾಕುತ್ತಾರೆ. ಆಗ ಎಲ್ಲಿಂದಲೋ ಒಂದು ಕೋಳಿ ಬಂದು ಅವನ ತಲೆಯೇರಿ ಆ ಅಕ್ಕಿಕಾಳನ್ನು ಒಂದೊಂದಾಗಿ ಹೆಕ್ಕತೊಡಗುತ್ತದೆ. ಹೆಣ್ಣಿನ ತಾಯಿ, "ಅಳಿಯಾ ಚೊಲೋ ಅದಾನ, ದನಾ ಕೋಳಿಗೂ ಹೊಂದ್ಕೋತಾನ" ಎನ್ನುತ್ತಾಳೆ. ಕಾಕಾ ಕೈಯಾಳು, ಅಪ್ಪ ಕೋಳಿ. ಇದರಲ್ಲಿ ಪಾತ್ರ ಎಂದೂ ಬದಲಾಗಿರಲಿಲ್ಲ.

ಫೋನ್ ಮಾಡಿ, "ಕಾಕಾ, ಒಂದು ತಿಂಗಳ ಬರಬ್ಯಾಡ್ರಿ" ಎಂದಿದ್ದೆ.

"ದೋಸ್ತ ಮಕ್ಕೊಂಡಾನ. ನಾ ಬರಬಾರದನು?"

"ನೀವು ನಗಸ್ತೀರಿ."

"ಮಾತ ಆಡೂದಿಲ್ಲ ಬಿಡವಾ. ಮಾರಿ ನೋಡಿ ಬರ್ತೇನಿ."

ಅವರು ಬರುವ ದಿನ ಬೆಳಿಗ್ಗೆ, ಅಪಾಯ ಎಷ್ಟು ದೊಡ್ಡದು ಎಂದಾದರೂ ತಿಳಿಯಲಿ ಎಂದು ಆ ಸಿನಿಮಾವನ್ನು ಮೊಬೈಲಿನಲ್ಲಿ ಹುಡುಕಿದೆ. ಸಿಕ್ಕಿತು. ಪ್ರಸಂಗ ಎರಡು ನಿಮಿಷವೂ ಇಲ್ಲ. ಕೈಯಾಳು ಕೂರುತ್ತಾನೆ, ಎಲೆ ತಿನ್ನುತ್ತಾನೆ, ಬೈಸಿಕೊಂಡು ಏಳುತ್ತಾನೆ. ಕೋಳಿಯೇ ಇಲ್ಲ. ಮೂರು ಸಲ ನೋಡಿದೆ. ನಗುವೂ ಬರಲಿಲ್ಲ. ಯಾರಿಗೂ ಹೇಳಲಿಲ್ಲ.

ಈಗ ಕಾಕಾ ಕೊಟ್ಟ ಮಾತಿನಂತೆ ಬಾಯಿ ಮುಚ್ಚಿ ಕೂತಿದ್ದರು. ಅಪ್ಪ ತೊಲೆ ನೋಡುತ್ತಿದ್ದ. ಕಾಕಾ ಕ್ಯಾಲೆಂಡರ್ ನೋಡುತ್ತಿದ್ದರು.

"ಬಸ್ಸು ಲಗೂನ ಸಿಕ್ತೇನು?" ಎಂದ ಅಪ್ಪ.

"ಸಿಕ್ತು."

ನಾನು ಎದ್ದೆ, ನೀರು ತಂದೆ, ಯಾರೂ ಕೇಳಿರಲಿಲ್ಲ, ಒಯ್ದಿಟ್ಟೆ. ಸುಮ್ಮನಿದ್ದು ರೂಢಿಯಿಲ್ಲದ ಕಾಕಾ ತಮ್ಮ ತೋಟದಿಂದ ತಂದ ಎಲೆಯ ಕಟ್ಟು ಬಿಚ್ಚಿದರು. ಒಂದು ಎಲೆಯನ್ನು ಮೊಣಕಾಲಿಗೆ ಒರೆಸಿ, ತೊಟ್ಟು ಮುರಿದು, ಸುಣ್ಣ ಸವರಿದರು. ತೊಟ್ಟು ಎಸೆಯಲು ಅತ್ತಿತ್ತ ನೋಡಿದರು. ನೆಲ ಆಗಷ್ಟೇ ಒರೆಸಿತ್ತು. ತಮಗೇ ತಿಳಿಯದಂತೆ ಅದನ್ನು ಕಿವಿಯ ಹಿಂದೆ ಸಿಕ್ಕಿಸಿಕೊಂಡರು.

ಮೊದಲು ಅಲುಗಿದ್ದು ದಿಂಬು.

"ಅಪ್ಪಾ, ಬ್ಯಾಡ" ಎಂದೆ.

"ನಾ ಏನ ಮಾಡಿದ್ನವಾ?" ಎಂದರು ಕಾಕಾ.

"ಭಟ್ರ..." ಎಂದ ಅಪ್ಪ. ಮುಂದೆ ಹೇಳಲಾಗಲಿಲ್ಲ. ಕಾಕಾ ಕಿವಿ ಮುಟ್ಟಿ ನೋಡಿಕೊಂಡರು, ಟವೆಲ್ಲನ್ನು ಬಾಯಿಗೆ ತುರುಕಿಕೊಂಡು ಅಂಗಳಕ್ಕೆ ಓಡಿದರು. ನಳದ ಹತ್ತಿರ ಅವರು ನಗುವುದು ಒಳಗೆ ಕೇಳುತ್ತಿತ್ತು. ಅದನ್ನು ಕೇಳಿ ಅಪ್ಪನಿಗೆ ಇನ್ನಷ್ಟು. ಕಣ್ಣಲ್ಲಿ ನೀರು, ಬಾಯಲ್ಲಿ ಸದ್ದಿಲ್ಲ, ಮಂಚವೇ ನಡುಗುತ್ತಿತ್ತು.

"ನಗಬ್ಯಾಡ ಅಂದ್ರ ಹೆಚ್ಚಾಕ್ಕತಿ ನೋಡು, ಸಾಲೀ ಹುಡುಗರಂಗ" ಎಂದಳು ಅವ್ವ.

ಅಷ್ಟರಲ್ಲಿ ಅಪ್ಪನ ಮುಖ ಬದಲಾಯಿತು. ಕೈ ಪಟ್ಟಿಯ ಮೇಲೆ ಹೋಯಿತು. ಬಿಳಿ ಬಟ್ಟೆಯ ಅಂಚಿನಲ್ಲಿ ಜೋಳದ ಕಾಳಿನಷ್ಟು ಕೆಂಪು.

ಡಾಕ್ಟರಿಗೆ ಫೋಟೋ ಕಳಿಸಿದೆ. "ರಕ್ತದ ಕಲಿ ಸುತ್ತ ಪೆನ್ನಿಲೆ ಗೆರಿ ಹೊಡೀರಿ. ಗೆರಿ ದಾಟಿದರ ತಡಾ ಮಾಡದ ಕರಕೊಂಡು ಬರ್ರಿ" ಎಂದರು. ಗೆರೆ ಹೊಡೆದೆ. ಅದು ಗುಂಡಗೆ ಬರಲಿಲ್ಲ. ಕಾಕಾ ಒಳಗೆ ಬರಲೊಲ್ಲರು, ಊರಿಗೆ ಹೋಗಲೊಲ್ಲರು. ಕಟ್ಟೆಯಿಂದ ನಳದವರೆಗೆ, ನಳದಿಂದ ಕಟ್ಟೆಗೆ ತಿರುಗುತ್ತಲೇ ಇದ್ದರು. ನಾನು ಹೊರಗೆ ಬಂದಾಗಲೆಲ್ಲ, "ದಾಟಿತೇನವಾ?" ಎನ್ನುವರು. ಚಹಾ ಕೊಟ್ಟರೆ ಆರುವ ತನಕ ಕೈಯಲ್ಲೇ ಹಿಡಿದಿದ್ದರು.

ದೀಪ ಹಚ್ಚುವ ಹೊತ್ತಾದರೂ ಕಲೆ ಗೆರೆಯ ಒಳಗೇ ಇತ್ತು. ಕಾಕಾ ಬಾಗಿಲಲ್ಲೇ ನಿಂತು, ಅಪ್ಪನ ಮುಖ ನೋಡದೆ, "ಬರ್ತೇನ್ಲೇ" ಎಂದು ಹೇಳಿ ಬಸ್ಸಿಗೆ ಹೋದರು.

ಹೊಲಿಗೆ ತೆಗೆದ ದಿನ ಡಾಕ್ಟರು ಬೆರಳಿನಿಂದ ಒತ್ತಿ ನೋಡಿ, "ಗಟ್ಟಿ ಕೂತೈತಿ" ಎಂದರು. ಆದರೂ ತಿಂಗಳು ಪೂರ್ತಿ ಆಗುವ ತನಕ ನಾನು ರಿಮೋಟು ಹೊರಗೆ ತೆಗೆಯಲಿಲ್ಲ. ಆಮೇಲೊಂದು ಭಾನುವಾರ ಕಾಕಾ ಬಂದರು. ಅಷ್ಟು ದಿನದಿಂದ ಒಳಗೇ ಕೊರೆಯುತ್ತಿದ್ದುದನ್ನು ನಾನು ಇನ್ನು ಇಟ್ಟುಕೊಳ್ಳಲಾರದೆ, ಮೊಬೈಲಿನಲ್ಲಿ ಆ ಪ್ರಸಂಗ ಹಚ್ಚಿ ಇಬ್ಬರ ನಡುವೆ ಹಿಡಿದೆ. ಕನ್ನಡಕ ಹಾಕಿಕೊಂಡು ಕೊನೆಯವರೆಗೆ ನೋಡಿದರು.

"ಕೋಳಿ ಎಲ್ಲೈತಿ?" ಎಂದರು ಕಾಕಾ.

"ಇಲ್ರಿ ಕಾಕಾ. ಇರೂದ ಇಷ್ಟ."

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು.

"ಮೊಬೈಲಿನ್ಯಾಗ ಕತ್ತರಿಸ್ಯಾರ" ಎಂದ ಅಪ್ಪ.

"ಕತ್ತರಸ್ತಾರ, ಮತ್ತೇನ. ಉದ್ದ ಆಗಿರಬೇಕು."

ಕಾಕಾ ಎದ್ದು ಕುರ್ಚಿಯನ್ನು ಗೋಡೆಗೆ ಸರಿಸಿದರು. ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ, ಬೆನ್ನು ನೆಟ್ಟಗೆ ಮಾಡಿ ಕೂತು, ಎಲೆಗಾಗಿ ಅವ್ವನ ಕಡೆ ಕೈ ಚಾಚಿದರು. ಅಪ್ಪ ತಲೆದಿಂಬನ್ನು ಮಂಚದ ಮೇಲಿಟ್ಟ. ಎದ್ದು, ಮೊಣಕೈ ಎರಡೂ ಅಗಲಿಸಿ, ಕಾಕಾನ ತಲೆಯ ಹಿಂದೆ ಹೋಗಿ ನಿಂತ.