ದೊಡ್ಡವ್ವ ನಿಂತು ರೊಟ್ಟಿ ಬಡಿಯುವ ಕಟ್ಟೆ

ದೊಡ್ಡವ್ವನ ಮೊಣಕಾಲು ನೋಡಿದ ಡಾಕ್ಟರು ಒಂದೇ ಮಾತು ಹೇಳಿ ಕಳಿಸಿದ್ದರು: ಇನ್ನು ನೆಲದ ಮೇಲೆ ಕೂರುವಂತಿಲ್ಲ. ಬೇರೆಯವರ ಮನೆಯಲ್ಲಿ ಇದು ಆರೋಗ್ಯದ ಸಲಹೆ. ಹೂವಿನ ಹಿಪ್ಪರಗಿಯ ಆ ಮನೆಯಲ್ಲಿ ಮಾತ್ರ ಸರಕಾರವೇ ಬಿದ್ದಂತಾಯಿತು. ದೊಡ್ಡವ್ವ ರೊಟ್ಟಿ ಬಡಿಯುತ್ತಿದ್ದದ್ದು ನೆಲದ ಮೇಲೆ ಕೂತೇ, ಒಂದು ಕಾಲು ಮಡಚಿ, ಇನ್ನೊಂದನ್ನು ಒಲೆಯ ಪಕ್ಕಕ್ಕೆ ಚಾಚಿ. ಕೂರುವಂತಿಲ್ಲ ಎಂದರೆ ರೊಟ್ಟಿ ಇಲ್ಲ. ಎಳ್ಳಮಾವಾಸ್ಯೆ ಬೇರೆ ಹತ್ತಿರ ಬಂದಿತ್ತು. ಆ ದಿನ ಹೊಲಕ್ಕೆ ಹೋಗಿ ಬೆಳೆಗೆ ನೈವೇದ್ಯದ ಚರಗ ಚೆಲ್ಲಿ, ಬೀಗರನ್ನೂ ನೆರೆಯವರನ್ನೂ ಕೂಡಿಸಿಕೊಂಡು ಉಣ್ಣಬೇಕು. ಅದಕ್ಕೆ ಜೋಳದ ಕಡಕ್ ರೊಟ್ಟಿ, ಸಜ್ಜೆ ರೊಟ್ಟಿ ಬುಟ್ಟಿಗಟ್ಟಲೆ ಮೊದಲೇ ಬಡಿದಿಡಬೇಕು.

ನಾನು ಸಿಂದಗಿಯಿಂದ ಬಸ್ಸಿಳಿದು ಮನೆ ಹೊಕ್ಕಾಗ ಅತ್ತೆ–ಸೊಸೆಯ ನಡುವೆ ಇದೇ ಮಾತು ನಡೆದಿತ್ತು. ಸೊಸೆ ಎಂದರೆ ನಮ್ಮ ವೈನಿ, ದೊಡ್ಡವ್ವನ ಮಗನ ಹೆಂಡತಿ.

"ತಾಳಿಕೋಟ್ಯಾಗ ರೊಟ್ಟಿ ಮಾಡಿ ಕೊಡ್ತಾರ್ರಿ ಅತ್ತಿ. ಒಂದು ಫೋನ್ ಹಚ್ಚಿದ್ರ ಆತು," ಎಂದರು ವೈನಿ.

"ಹಚ್ಚು. ಕೊಂಡ ರೊಟ್ಟಿ ಬುಟ್ಟ್ಯಾಗ ಹೊತ್ಕೊಂಡು ನೀವ ಹೋಗ್ರಿ ಹೊಲಕ್ಕ. ನಾ ಮನ್ಯಾಗ ಇರ್ತೇನಿ."

ವೈನಿಯದು ಕೆಟ್ಟ ಮಾತಲ್ಲ. ಅವರ ಚಪಾತಿ ಚೆಂದ, ರೊಟ್ಟಿ ದಪ್ಪ. ಅದು ಅವರಿಗೂ ಗೊತ್ತು. ಅತ್ತೆ ನರಳುವುದನ್ನು ನೋಡಲಾರದೆ ಹೇಳಿದ್ದರು. ಆದರೆ ದೊಡ್ಡವ್ವ ಗೋಡೆಯ ಕಡೆ ಮುಖ ಮಾಡಿದ ರೀತಿ ನೋಡಿದರೆ, ಇದು ಒಂದು ಹಬ್ಬದ ರೊಟ್ಟಿಯ ಪ್ರಶ್ನೆಯಲ್ಲ ಎಂಬುದು ಯಾರಿಗಾದರೂ ತಿಳಿಯುವಂತಿತ್ತು. ಈ ಸಲ ಕೊಂಡು ತಂದರೆ ಇನ್ನು ಮುಂದೆ ಕೊಂಡು ತರುವುದೇ.

ನಾನು ಕಾಲೇಜಿನ ದಿನಗಳಲ್ಲಿ ಇಂಡಿ, ಮುದ್ದೇಬಿಹಾಳ ಎನ್ನದೆ ಎಲ್ಲಿ ಚರ್ಚಾಸ್ಪರ್ಧೆ ಇದ್ದರೂ ಹೋಗಿ, ಪರ ಕೊಟ್ಟರೆ ಪರ, ವಿರೋಧ ಕೊಟ್ಟರೆ ವಿರೋಧ ಮಾತಾಡಿ ಬಂದವಳು. ಈಗ ಪಾಠ ಹೇಳುತ್ತೇನೆ, ಚಟ ಮಾತ್ರ ಬಿಟ್ಟಿಲ್ಲ. ಚಪ್ಪಲಿ ಬಿಡುತ್ತಲೇ ಬಾಯಿ ಹಾಕಿದೆ.

"ಡಾಕ್ಟರು ಕುಂದ್ರಬ್ಯಾಡ ಅಂದಾರೋ, ರೊಟ್ಟಿ ಬಡೀಬ್ಯಾಡ ಅಂದಾರೋ? ಎರಡೂ ಬ್ಯಾರೆ ಬ್ಯಾರೆ ಠರಾವು."

"ಬಂತು ನೋಡು ನಮ್ಮ ವಕೀಲವ್ವ," ಎಂದ ಅಣ್ಣ, ದೊಡ್ಡವ್ವನ ಮಗ, ಪಡಸಾಲೆಯಿಂದ.

ವೈನಿ ಅಡಿಗೆ ಮಾಡುವ ಗ್ಯಾಸ್ ಕಟ್ಟೆ ಇದ್ದೇ ಇತ್ತು. ಆದರೆ ಅದು ದೊಡ್ಡವ್ವನ ಎದೆಮಟ್ಟಕ್ಕೆ ಬರುತ್ತಿತ್ತು. ಹೆಗಲು ಮೇಲಿದ್ದು ಅಂಗೈ ಕೆಳಗೆ ಬೀಳಬೇಕು, ಆಗಲೇ ರೊಟ್ಟಿ ಅಗಲವಾಗುವುದು. ಹಾಗಾಗಿ ಅದರ ಪಕ್ಕ ಅವಳ ಅಳತೆಗೇ ಇನ್ನೊಂದು ಸಣ್ಣ ಕಟ್ಟೆ ಆಗಬೇಕು ಎಂದು ಠರಾವು ಮಂಡಿಸಿದೆ. ಕಟ್ಟುವ ಗೌಂಡಿಯನ್ನು ಕರೆಸಿದರು. ಅವನು ಟೇಪು ಬಿಚ್ಚುವ ಮೊದಲೇ ಎತ್ತರ ಹೇಳಿಬಿಟ್ಟ.

"ಎಲ್ಲಾರ ಮನ್ಯಾಗೂ ಇಷ್ಟ ಇರ್ತೈತ್ರಿ."

"ಎಲ್ಲಾರು ಅಂದ್ರ ಯಾರ್ರಿ? ಅವರು ಎಷ್ಟು ಎತ್ತರ ಅದಾರ?"

ಅವನು ಪೆನ್ಸಿಲನ್ನು ಕಿವಿಗೆ ಸಿಕ್ಕಿಸಿಕೊಂಡು, "ನೀವ ಹೇಳ್ರಿ, ಅಷ್ಟಕ್ಕ ಕಟ್ತೇನಿ," ಎಂದ. ವಾದದಲ್ಲಿ ಎದುರಾಳಿ ಇಷ್ಟು ಬೇಗ ಕೂತುಬಿಟ್ಟರೆ ಬೇಜಾರಾಗುತ್ತದೆ, ನಿಜ. ಆದರೆ ಕೆಲಸ ಮುಂದೆ ಸಾಗಿತು. ಹಿಟ್ಟಿನ ಡಬ್ಬಿ, ಅದರ ಮೇಲೆ ಹಲಗೆ, ಹಲಗೆಯ ಮೇಲೆ ಇನ್ನೊಂದು ಹಲಗೆ ಇಟ್ಟು ದೊಡ್ಡವ್ವನಿಂದ ಇಲ್ಲದ ರೊಟ್ಟಿ ಬಡಿಸಿದೆವು. ಹಿಟ್ಟಿಲ್ಲದೆ ಬಡಿಯಲು ಅವಳಿಗೆ ನಾಚಿಕೆ, ಬಡಿಯುತ್ತಲೇ ನಗುತ್ತಿದ್ದಳು. ಕೊನೆಗೆ ಮೊಣಕೈಗಿಂತ ಒಂದು ಗೇಣು ಕೆಳಗೆ ಹಲಗೆ ಬಂದಾಗ, "ಹಾಂ, ಇಲ್ಲಿ ಹಗೂರ ಆಗತೈತಿ," ಎಂದಳು. ಮನೆಯಲ್ಲಿ ಕಟ್ಟೆ ಕಟ್ಟಿಸುವವರು ಈ ಆಟವನ್ನೊಮ್ಮೆ ಆಡಿ ನೋಡಿ. ಎತ್ತರ ಕಟ್ಟುವವನದಲ್ಲ, ಅಲ್ಲಿ ನಿಂತು ಕೆಲಸ ಮಾಡುವವರದು.

ಗೌಂಡಿ ಇಟ್ಟಿಗೆ ಏರಿಸಿ, ಮೇಲೆ ಕಾಂಕ್ರೀಟು ಹಾಕಿ, ಗೊಳಸಂಗಿಯಲ್ಲಿ ಒಪ್ಪಿಕೊಂಡ ಮನೆಗೆ ಹೋಗಿಬಿಟ್ಟ. ಟೈಲ್ಸು ಅಮಾವಾಸ್ಯೆ ಆದ ಮೇಲೆ ಎಂದ. ಅಮಾವಾಸ್ಯೆ ಆದ ಮೇಲೆ ಆ ಕಟ್ಟೆ ಯಾರಿಗೆ ಬೇಕು? ನಾನೇ ಕೂಡಿಸುತ್ತೇನೆ ಎಂದೆ.

"ವಾದ ಮಾಡಿದ್ರ ಟೈಲ್ಸ್ ಅಂಟೂದಿಲ್ಲ ತಂಗಿ," ಎಂದ ಅಣ್ಣ.

"ಚೀಲದ ಮ್ಯಾಲ ಹ್ಯಾಂಗ ಅಂಟಸಬೇಕು ಅಂತ ಬರದಿರತಾರ ಅಣ್ಣ. ಓದಾಕ ಬಂದ್ರ ಸಾಕು."

ಬಸವನ ಬಾಗೇವಾಡಿಯ ಟೈಲ್ಸ್ ಅಂಗಡಿಗೆ ದೊಡ್ಡವ್ವನೂ ಬಂದಳು. ಬಿಳಿ ಮೈ, ನೀಲಿ ಹೂವು, ಮುಖ ಕಾಣುವಷ್ಟು ಹೊಳಪು. ನೋಡಿದ ಕೂಡಲೇ ಸೆರಗಿನಿಂದ ಒರೆಸಿ, "ಇದ," ಎಂದಳು. ಗೋಡೆಗೂ ಅದೇ, ಕಟ್ಟೆಯ ಮೇಲಕ್ಕೂ ಅದೇ. ಕಲೆ ಹಿಡಿಯುವುದಿಲ್ಲ, ಒರೆಸಿದರೆ ಹೋಗುತ್ತದೆ ಎಂದು ನಾನೂ ತಲೆಯಾಡಿಸಿದೆ. ನಾವು ಯಾರೂ ಬೇರೆ ಏನನ್ನೂ ಯೋಚಿಸಲಿಲ್ಲ.

ಕೆಲಸ ಹಿಡಿಯಲು ಹೊರಟದ್ದು ಮಂಗಳವಾರ.

"ಮಂಗಳವಾರ ಕೆಲಸ ಹಿಡೀಬಾರದು," ಎಂದಳು ದೊಡ್ಡವ್ವ.

"ಯಾಕ?"

"ಹಿಡೀಬಾರದು ಅಂದ್ರ ಹಿಡೀಬಾರದು."

"ಮಂಗಳವಾರ ರೊಟ್ಟಿ ಬಡೀತಿದ್ದಿ ಅಲ್ಲ?"

"ಅದು ಕೆಲಸಲ್ಲ ಬೇ, ಊಟ."

ಇಂಥ ಉತ್ತರಕ್ಕೆ ತೀರ್ಪುಗಾರರು ಚಪ್ಪಾಳೆ ತಟ್ಟುತ್ತಾರೆಂದು ಅನುಭವದಿಂದ ಬಲ್ಲೆ. ರಾಜಿಗೆ ಬಂದೆ: ಸಿಮೆಂಟು ಮುಟ್ಟುವುದಿಲ್ಲ, ಬರೀ ಟೈಲ್ಸನ್ನು ಕಟ್ಟೆಯ ಮೇಲೆ ಹರವಿ ನೋಡುತ್ತೇನೆ. ಮಂಗಳವಾರದ ಬಗ್ಗೆ ನನ್ನ ಸಂಶಯ ಇನ್ನೂ ಹಾಗೇ ಇದೆ, ಆದರೆ ಆ ಹರವುವಿಕೆಯಿಂದ ಲಾಭವಾದದ್ದು ಸುಳ್ಳಲ್ಲ. ಒಂದು ತುದಿಯಿಂದ ಶುರು ಮಾಡಿದ್ದರೆ ಇನ್ನೊಂದು ತುದಿಯಲ್ಲಿ ಎರಡು ಬೆರಳಗಲದ ಚೂರು ಕೂಡಿಸಬೇಕಾಗುತ್ತಿತ್ತು. ಅಂಥ ಚೂರು ಕತ್ತರಿಸುವಾಗಲೇ ಒಡೆಯುತ್ತದೆ, ಒಡೆಯದಿದ್ದರೆ ಜೀವನಪರ್ಯಂತ ಕಣ್ಣಿಗೆ ಚುಚ್ಚುತ್ತದೆ. ನಟ್ಟನಡುವಿನಿಂದ ಶುರು ಮಾಡಿದರೆ ಎರಡೂ ಅಂಚಿಗೆ ಸಮನಾದ ತುಂಡು ಬರುತ್ತದೆ. ಹಾಗೇ ಗುರುತು ಹಾಕಿಕೊಂಡೆ.

ಮರುದಿನ ಅಂಟಿಸುವ ಪುಡಿ ಕಲಸಿದೆ. ನಾವೆಲ್ಲ ನೋಡಿದ ಪದ್ಧತಿ ಒಂದೇ: ಟೈಲ್ಸಿನ ಬೆನ್ನಿಗೆ ನಾಲ್ಕು ಮೂಲೆಗೆ ನಾಲ್ಕು ಮುದ್ದೆ, ನಡುವೆ ಒಂದು, ಒತ್ತು, ಮುಗಿಯಿತು. ನಡುವಿನ ನಾಲ್ಕನ್ನು ಹಾಗೇ ಕೂಡಿಸಿದೆ. ವೈನಿ ಬಂದು ಬೆರಳ ಗೆಣ್ಣಿನಿಂದ ತಟ್ಟಿದರು.

"ಖಾಲಿ ಡಬ್ಬಿ ಬಡದಂಗ ಕೇಳ್ತೈತಲ್ರಿ."

ಆಗ ಚೀಲದ ಮೇಲಿನದನ್ನು ಪೂರ್ತಿ ಓದಿದೆ. ಮುದ್ದೆ ಇಡಬೇಡಿ, ಹಲ್ಲಿರುವ ಕರಣಿಯಿಂದ ಗೀರು ಬೀಳುವಂತೆ ಎಲ್ಲ ಕಡೆ ಹರಡಿ ಎಂದು ಬರೆದಿತ್ತು. ಉಳಿದವನ್ನೆಲ್ಲ ಹಾಗೆ ಮಾಡಿದೆ. ಒಂದನ್ನು ಕೂಡಿಸಿ, ಹಸಿ ಇರುವಾಗಲೇ ಎತ್ತಿ ಬೆನ್ನು ನೋಡಿದೆ. ಬೆನ್ನಿಗೆಲ್ಲ ಗಾರೆ ಹತ್ತಿದ್ದರೆ ಸರಿ, ಬೋಳು ಕಂಡರೆ ಇನ್ನಷ್ಟು ಬೇಕು. ನೀವೂ ಹೀಗೊಂದು ಎತ್ತಿ ನೋಡಿ, ನಂಬಿಕೆಯ ಮೇಲೆ ಕೂಡಿಸಬೇಡಿ. ಮೊದಲಿನ ನಾಲ್ಕು? ಒಣಗಿದರೆ ಗಟ್ಟಿಯಾಗುತ್ತವೆ ಎಂದು ವೈನಿಗೆ ವಾದಿಸಿದೆ. ಊರ ಮಾತನ್ನೆಲ್ಲ ಸಂಶಯದಿಂದ ನೋಡುವವಳು ನನ್ನ ಮಾತನ್ನು ಮಾತ್ರ ಕೂಡಲೇ ನಂಬಿದೆ. ಸಂದಿಗಳಿಗೆ ಸಂದಿಯ ಪುಡಿ ಕಲಸಿ ತುಂಬಿ, ಅದು ಟೈಲ್ಸಿನ ಮುಖದ ಮೇಲೆ ಒಣಗುವ ಮೊದಲೇ ಒದ್ದೆ ಸ್ಪಂಜಿನಿಂದ ಒರೆಸಿದೆ. ಕಟ್ಟೆ ಕನ್ನಡಿಯಂತೆ ಹೊಳೆಯಿತು. ಪಕ್ಕದ ಮನೆಯವರು ಬಂದು ನೋಡಿ ಹೋದರು.

ಎಲ್ಲ ಗಟ್ಟಿಯಾದ ಮೇಲೆ ದೊಡ್ಡವ್ವ ಬಿಸಿನೀರು ಹಾಕಿ ಹಿಟ್ಟು ನಾದಿದಳು. ಹೊಸ ಕಟ್ಟೆಯ ಮೇಲೆ ಒಣಹಿಟ್ಟು ಉದುರಿಸಿ ಮುದ್ದೆ ಇಟ್ಟು ಬಡಿಯತೊಡಗಿದಳು. ಎತ್ತರ ಸರಿಯಿತ್ತು, ಕೈ ಆಡುತ್ತಿತ್ತು, ರೊಟ್ಟಿ ತಿರುಗುತ್ತ ಅಗಲವಾಗುತ್ತ ಹೋಯಿತು. ನಾನು ಅಣ್ಣನ ಕಡೆ ನೋಡಿ ಹುಬ್ಬು ಹಾರಿಸಿದೆ. ದೊಡ್ಡವ್ವ ಅಂಗೈ ಮೇಲೆ ಎತ್ತಿಕೊಂಡಳು, ಅಷ್ಟೇ. ರೊಟ್ಟಿ ಅಡ್ಡಕ್ಕೂ ಉದ್ದಕ್ಕೂ ಹರಿದು ನಾಲ್ಕು ತುಂಡಾಗಿ ಬಿತ್ತು. ಟೈಲ್ಸುಗಳ ನಡುವಿನ ಸಂದಿ ಕೂದಲೆಳೆಯಷ್ಟು ತಗ್ಗು. ಬಡಿದಂತೆಲ್ಲ ಹಿಟ್ಟು ಅದರೊಳಗೆ ಇಳಿದು ಹಿಡಿದುಕೊಳ್ಳುತ್ತಿತ್ತು. ಎರಡನೆಯದೂ ಹಾಗೇ. ಮೂರನೆಯದೂ.

ಅಣ್ಣ ತುಂಡುಗಳನ್ನು ತಾಟಿನಲ್ಲಿ ಜೋಡಿಸಿ ಹೇಳಿದ, "ನಕಾಶಿ ಆಗೈತ್ರೋ. ಇದು ಇಂಡಿ, ಇದು ಸಿಂದಗಿ, ಇದು ಮುದ್ದೇಬಿಹಾಳ, ಇದು ಬಾಗೇವಾಡಿ. ಮೊದಲ ಯಾವ ತಾಲೂಕಾ ತಿನ್ನಲಿ?"

"ಸಿಂದಗಿ ಬಿಟ್ಟು ಯಾವುದರೆ ತಿನ್ನು," ಎಂದೆ.

ಜೀವಮಾನವಿಡೀ ರೊಟ್ಟಿ ಬಡಿದವಳೇ ಟೈಲ್ಸು ಆರಿಸಿದ್ದಳು, ಜೀವಮಾನವಿಡೀ ರೊಟ್ಟಿ ತಿಂದವರು ಒಪ್ಪಿದ್ದೆವು. "ಹೂವ ನೋಡಿದ್ನಿ, ಗೆರಿ ನೋಡ್ಲಿಲ್ಲ," ಎಂದಳು ದೊಡ್ಡವ್ವ, ನಗದೆ.

ಚರ್ಚೆ ಶುರುವಾಯಿತು. ಮೇಲೆ ಹಲಗೆ ಇಡೋಣ ಎಂದರು ವೈನಿ. ಇಟ್ಟೆವು, ಹೊಳಪಿನ ಮೇಲೆ ಹಲಗೆ ಜಾರಿ ಒಲೆಯ ಕಡೆ ಹೊರಟಿತು. ಕೆಳಗೆ ಒದ್ದೆ ಬಟ್ಟೆ ಹಾಕಿದರೆ ನಿಂತಿತು, ಆದರೆ ಎತ್ತರ ಹೆಚ್ಚಿ ದೊಡ್ಡವ್ವನ ಹೆಗಲು ಕಿವಿಗೆ ಬಂತು. ಸಂದಿಯನ್ನೇ ಮಟ್ಟಸ ತುಂಬಿಬಿಡು ಎಂದ ಅಣ್ಣ. ದಿನಾ ಬಡಿದರೆ ಆ ಪುಡಿ ಎದ್ದು ರೊಟ್ಟಿಗೆ ಸೇರುವುದಿಲ್ಲವೇ ಎಂದೆ ನಾನು. ನಡುವಿನ ನಾಲ್ಕನ್ನು ಕಿತ್ತು ಅಲ್ಲಿ ಸಂದಿಯಿಲ್ಲದ ಒಂದೇ ಚಪ್ಪಡಿ, ಪರಸಿ ಕಲ್ಲು ಕೂಡಿಸೋಣ ಎಂಬುದು ನನ್ನ ಪಕ್ಷ.

"ಹಾಕಿದ್ದ ಒಡೀತಾರೇನು? ಮಂದಿ ನೋಡಿ ಹೋಗ್ಯಾರ," ಎಂದಳು ದೊಡ್ಡವ್ವ. "ನನ್ನ ಜಾಗಾ ನನಗ ಗೊತ್ತೈತಿ, ಬಿಡ್ರಿ."

ಹಾಗೆಂದವಳೇ ಗೋಡೆಗೆ ಕೈ ಕೊಟ್ಟು ಹಳೆಯ ಜಾಗದಲ್ಲಿ, ನೆಲದ ಮೇಲೆ, ಕೂತುಬಿಟ್ಟಳು. ಹಿಟ್ಟಿನ ಪರಾತ ಎಳೆದುಕೊಂಡಳು. ಕಾಲು ಚಾಚಲು ನೋಡಿದಳು, ಆಗಲಿಲ್ಲ. ಮಡಚಲು ನೋಡಿದಳು, ಅದೂ ಆಗಲಿಲ್ಲ. ಏಳಲು ನೋಡಿದಳು. ನಾನು ಒಂದು ರಟ್ಟೆ, ವೈನಿ ಇನ್ನೊಂದು ರಟ್ಟೆ ಹಿಡಿದು ಎಬ್ಬಿಸಿದೆವು. ದೊಡ್ಡವ್ವ ಸೀರೆ ಸರಿಪಡಿಸಿಕೊಂಡು, ಕಟ್ಟೆಯ ಕಡೆ ನೋಡಿ, "ಒಡಿ," ಎಂದಳು.

ಒಡೆಯುವುದು ಬೇಕಾಗಲಿಲ್ಲ. ಸಂದಿಯ ಪುಡಿ ಕೆರೆದು, ಉಳಿ ತೂರಿಸಿ ಮೆಲ್ಲಗೆ ಮೀಟಿದರೆ ನಡುವಿನ ನಾಲ್ಕೂ ಇಡಿಯಾಗಿ ಎದ್ದು ಬಂದವು. ಕೆಳಗೆ ಮುದ್ದೆಗಳ ನಡುವೆ ಬರೀ ಗಾಳಿ. ಪರೀಕ್ಷೆಗೆಂದು ಪಕ್ಕದ್ದೊಂದಕ್ಕೆ ಉಳಿ ಇಟ್ಟೆ. ಅದು ಅಲುಗಾಡಲೇ ಇಲ್ಲ. ಮುದ್ದೆ ಪದ್ಧತಿಗೂ ಹರಡುವ ಪದ್ಧತಿಗೂ ಇರುವ ವ್ಯತ್ಯಾಸಕ್ಕೆ ಇದಕ್ಕಿಂತ ಸ್ಪಷ್ಟ ಸಾಕ್ಷಿ ಬೇಡ.

"ಕೀಳೂದು ಬರ್ತೈತಿ ಅಂತ ಮೊದಲ ಗೊತ್ತಿತ್ತು ಅಣ್ಣ, ಅದಕ್ಕ ಹಂಗ ಕೂಡಿಸಿದ್ನಿ."

"ಹೌದೌದು," ಎಂದ ಅಣ್ಣ, ಗಾಡಿಯ ಕೀಲಿ ಹುಡುಕುತ್ತ.

ಅವನು ತಾಳಿಕೋಟೆಗೆ ಹೋಗಿ ಪರಸಿ ಕಲ್ಲು ತಂದ. ಕನ್ನಡಿ ಹೊಳಪು ಬೇಡ, ಕೈಗೆ ನುಣುಪಾದರೆ ಸಾಕು, ಅಂಚು ದುಂಡಗಿರಲಿ ಎಂದು ಹೇಳಿ ಕಳಿಸಿದ್ದೆವು. ಹಳೆಯ ಮುದ್ದೆಗಳನ್ನೆಲ್ಲ ಕೆತ್ತಿ, ಧೂಳು ಒರೆಸಿ, ತಳದ ತುಂಬ ಗಾರೆ ಹರಡಿ ಕಲ್ಲನ್ನು ಕೂಡಿಸಿದೆ. ರಸಮಟ್ಟ ಇಟ್ಟು ನಾಲ್ಕೂ ಕಡೆ ಸಮ ಇದೆಯೇ ಎಂದು ನೋಡಿದೆ. ಕಲ್ಲು ದಪ್ಪ, ಟೈಲ್ಸಿಗಿಂತ ಬೆರಳಗಲ ಮೇಲೆ ನಿಂತಿತು, ಆದರೆ ಹಲಗೆಯಷ್ಟು ಎತ್ತರವಲ್ಲ.

"ಆ ಅಂಚಿನ್ಯಾಗ ಹಿಟ್ಟು ಕೂಡತೈತಿ. ದಿನಾ ಕಡ್ಡಿ ಹಾಕಿ ತಗಿಯವರು ಯಾರು, ನೀವು ಸಿಂದಗಿಯಿಂದ ಬರ್ತೀರೇನು?" ಎಂದರು ವೈನಿ. ವಾದದಲ್ಲಿ ಹುರುಳಿತ್ತು. ಅಂಚಿನ ಸುತ್ತ ಇಳಿಜಾರಾಗಿ ಗಾರೆ ತುಂಬಿ, ಒದ್ದೆ ಬೆರಳಿನಿಂದ ನಯ ಮಾಡಿದೆ. ಬಟ್ಟೆ ಒಮ್ಮೆ ಎಳೆದರೆ ಹಿಟ್ಟೆಲ್ಲ ಬರುವಂತೆ.

ಇನ್ನು ಕಾಯುವುದು. ಇದೇ ಕಷ್ಟದ ಕೆಲಸ, ಇದನ್ನು ಯಾವ ಚೀಲದ ಮೇಲೂ ಸರಿಯಾಗಿ ಬರೆದಿರುವುದಿಲ್ಲ. ಹಬ್ಬ ಹತ್ತಿರವಾಗುತ್ತಿತ್ತು. ದೊಡ್ಡವ್ವ ಹೊತ್ತಿಗೊಮ್ಮೆ ಬಂದು, "ಆತೇನು?" ಎನ್ನುವಳು. "ಇಲ್ಲ," ಎನ್ನುವೆ. "ಮುಟ್ಟಿ ನೋಡಿದ್ರ ಆಗೈತಿ," ಎನ್ನುವಳು. "ಮುಟ್ಟಬ್ಯಾಡ ಅಂದೇನಿ," ಎನ್ನುವೆ. ವೈನಿ ಒಮ್ಮೆ ಫೋನು ಕೈಗೆತ್ತಿಕೊಂಡು ನನ್ನ ಮುಖ ನೋಡಿದರು, ಮತ್ತೆ ಕೆಳಗಿಟ್ಟರು.

ಕೊನೆಗೂ ಕಲ್ಲನ್ನು ತೊಳೆದು ಒರೆಸಿದ ಬೆಳಿಗ್ಗೆ ದೊಡ್ಡವ್ವ ಹಿಟ್ಟು ನಾದಿ ನಿಂತಳು. ಮುದ್ದೆ ಇಟ್ಟಳು. ಕಲ್ಲಿನ ಮೇಲೆ ಬಡಿತದ ಸದ್ದು ಗಟ್ಟಿಯಾಗಿ, ಒಂದೇ ಸಮ ಬಂತು. ಡಬ್ಬಿಯ ದನಿ ಇಲ್ಲ. ರೊಟ್ಟಿ ತಿರುಗಿತು, ಅಗಲವಾಯಿತು, ಕಲ್ಲಿನ ಅಂಚಿನವರೆಗೆ ಬಂತು. ಅಂಗೈ ತೂರಿಸಿ ಎತ್ತಿದಳು. ಇಡಿಯಾಗಿ ಎದ್ದಿತು. ಹಂಚಿನ ಮೇಲೆ ಬಿದ್ದು, ಮೈಗೆ ನೀರು ಸವರಿಸಿಕೊಂಡು, ಮಗ್ಗಲು ಬದಲಿಸಿ ಉಬ್ಬಿತು. ದೊಡ್ಡವ್ವ ಅದನ್ನು ನೋಡುತ್ತ ನಿಲ್ಲಲಿಲ್ಲ, ಆಗಲೇ ಮುಂದಿನ ಮುದ್ದೆ ಹಿಡಿದಿದ್ದಳು. ವೈನಿ ಬೇಯಿಸಲು ನಿಂತರು. ನಾನೂ ಒಂದು ಬಡಿದೆ.

"ಇದು ರೊಟ್ಟಿ ಅಲ್ಲ ಯವ್ವಾ, ಟೈಲ್ಸ್," ಎಂದಳು ದೊಡ್ಡವ್ವ.

ಮಧ್ಯಾಹ್ನದ ಹೊತ್ತಿಗೆ ಬುಟ್ಟಿ ತುಂಬುತ್ತ ಬಂದಿತ್ತು. ಸಾಕು, ಸ್ವಲ್ಪ ಕುರ್ಚಿಯ ಮೇಲೆ ಕೂತುಕೋ ಎಂದೆ. ಕೇಳಿಸದವಳಂತೆ ಕಲ್ಲಿನ ಮೇಲೆ ಹಿಟ್ಟು ಉದುರಿಸಿ, ಸೊಸೆಗೆ ಹೇಳಿದಳು:

"ಬೀಗರಿಗೆ ಫೋನ್ ಹಚ್ಚು. ಮಕ್ಕಳು ಮರಿ ಎಲ್ಲಾರ್ನೂ ಕರ್ಕೊಂಡು ಹೊಲಕ್ಕ ಬರ್ರಿ ಅನ್ನು. ರೊಟ್ಟಿ ನಾನ ಬಡ್ಯಾಕತ್ತೇನಿ ಅಂತ ಹೇಳು."